ಮೌಂಟನ್ ಬೈಕಿಗೆ ಮಡ್‌ಗಾರ್ಡ್: ಮೊದಲು ಮುಂದಿನ ಚಕ್ರವನ್ನು ನೋಡಿ

ಮೌಂಟನ್ ಬೈಕುಗಳು ಸಾಮಾನ್ಯವಾಗಿ ಮಡ್‌ಗಾರ್ಡ್ ಇಲ್ಲದೆಯೇ ಮಾರಾಟಕ್ಕೆ ಬರುತ್ತವೆ. ಬಿಡುವಿನ ದಿನ ಕಾಡುದಾರಿಯಲ್ಲಿ ಓಡಿಸಿ ಮನೆಗೆ ಬಂದು ಬಟ್ಟೆ ಬದಲಿಸುವವರಿಗೆ ಇದರಿಂದ ಹೆಚ್ಚಿನ ತೊಂದರೆಯಿಲ್ಲ. ಅದೇ ಸೈಕಲ್ಲಿನಲ್ಲಿ ಚಳಿಗಾಲದುದ್ದಕ್ಕೂ ಕೆಲಸಕ್ಕೆ ಹೋಗಿಬರುವವರ ಪಾಡು ಬೇರೆ. ಅರ್ಧ ಕರಗಿದ ಹಿಮ, ಅದನ್ನು ಕರಗಿಸಲು ರಸ್ತೆಗೆ ಹಾಕಿದ ಉಪ್ಪು ಮತ್ತು ಮಣ್ಣು ಸೇರಿದ ರಾಡಿಯನ್ನು ದಪ್ಪ ಗಟ್ಟುಗಳ ಟೈರು ಎತ್ತಿ ಎಸೆಯುವ ಪ್ರಮಾಣ ನುಣುಪಾದ ರೋಡ್ ಟೈರಿಗಿಂತ ಹೆಚ್ಚು. ಇಂಥ ಬಳಕೆಗೆ ಸಿಗುವ ಮಡ್‌ಗಾರ್ಡುಗಳನ್ನು ಮೂರು ಬಗೆಯಾಗಿ ವಿಂಗಡಿಸಬಹುದು: ಕ್ಷಣದಲ್ಲಿ ಹಾಕಿ ತೆಗೆಯುವ ಕ್ಲಿಪ್-ಆನ್, ಮುಂದಿನ ಚಕ್ರವನ್ನು ಹಿಡಿದಿಡುವ ಕವಲಿಗೆ, ಅಂದರೆ ಫೋರ್ಕಿಗೆ ಕಟ್ಟುವ ಚಿಕ್ಕ ಹಾಳೆ, ಮತ್ತು ಕಂಬಿಗಳ ಆಧಾರದಲ್ಲಿ ನಿಲ್ಲುವ ಪೂರ್ಣ ಉದ್ದದ ಮಡ್‌ಗಾರ್ಡ್. ನಿಮ್ಮ ಸೈಕಲ್ ಅವಕಾಶ ಕೊಡುವುದಾದರೆ ಮೂರನೆಯದನ್ನೇ ಕೊಳ್ಳಬೇಕೆಂಬುದು ನನ್ನ ಖಚಿತ ಅಭಿಪ್ರಾಯ. ಉಳಿದೆರಡು ಅನಿವಾರ್ಯವಾದಾಗ ಒಪ್ಪಿಕೊಳ್ಳಬೇಕಾದ ರಾಜಿಗಳು.

ಹೆಚ್ಚಿನವರು ಮೊದಲು ಹಿಂದಿನ ಮಡ್‌ಗಾರ್ಡ್ ಕೊಳ್ಳುತ್ತಾರೆ, ಏಕೆಂದರೆ ಬೆನ್ನಿನ ಮೇಲೆ ಮೂಡುವ ಕೆಸರಿನ ಪಟ್ಟೆ ಎಲ್ಲರ ಕಣ್ಣಿಗೂ ಬೀಳುತ್ತದೆ. ಆದರೆ ಹೆಚ್ಚು ಹಾನಿ ಮಾಡುವುದು ಮುಂದಿನ ಚಕ್ರ. ನೆಲದಿಂದ ನೀರನ್ನು ಎತ್ತಿಕೊಂಡ ಟೈರು ಹಿಂಬದಿಯಿಂದ ಮೇಲಕ್ಕೇರಿ ತಲೆಯ ಭಾಗದಲ್ಲಿ ಮುಂದಕ್ಕೆ ತಿರುಗುತ್ತದೆ, ಮತ್ತು ನೀರು ಆ ದಾರಿಯುದ್ದಕ್ಕೂ ಸ್ಪರ್ಶರೇಖೆಯ ದಿಕ್ಕಿನಲ್ಲಿ ಚಿಮ್ಮುತ್ತದೆ. ಚಕ್ರದ ತಲೆಯಿಂದ ಚಿಮ್ಮಿದ್ದು ಮುಂದಕ್ಕೆ ಹಾರಿ, ವೇಗವಾಗಿ ಬರುತ್ತಿರುವ ಸವಾರನ ಮುಖಕ್ಕೇ ರಾಚುತ್ತದೆ. ಹಿಂಬದಿಯ ಕೆಳಭಾಗದಿಂದ ಚಿಮ್ಮಿದ್ದು ಬೂಟು, ಪೆಡಲ್, ಚೈನು ಮತ್ತು ಬಾಟಮ್ ಬ್ರಾಕೆಟ್ಟಿನ (ಪೆಡಲುಗಳ ಅಚ್ಚು ತಿರುಗುವ ಭಾಗದ) ಮೇಲೆ ಬೀಳುತ್ತದೆ. ಉಪ್ಪುನೀರು ಚೈನಿನ ಕೊಂಡಿಗಳೊಳಗೆ ಇಳಿಯುವುದೂ ಇಲ್ಲಿಂದಲೇ. ಆದ್ದರಿಂದ ಮಡ್‌ಗಾರ್ಡ್ ಎಷ್ಟು ಅಗಲವಾಗಿದೆ ಎಂಬುದಕ್ಕಿಂತ, ಮುಂದಿನ ಚಕ್ರದ ಹಿಂದೆ ಎಷ್ಟು ಕೆಳಗಿನವರೆಗೆ ಇಳಿಯುತ್ತದೆ ಎಂಬುದನ್ನು ನೋಡಿ ಕೊಳ್ಳುವುದು ಒಳ್ಳೆಯದು.

ಈ ಅಳತೆಗೋಲಿನಲ್ಲಿ ಕ್ಲಿಪ್-ಆನ್ ಮಡ್‌ಗಾರ್ಡುಗಳು ಸಾಧಾರಣವೆನಿಸುತ್ತವೆ. ಎಸ್‌ಕೆಎಸ್ ಕಂಪನಿಯ ಶಾಕ್‌ಬ್ಲೇಡ್ ಮತ್ತು ಎಕ್ಸ್-ಬ್ಲೇಡ್ ಜೋಡಿ ಈ ಬಗೆಯ ಚಿರಪರಿಚಿತ ಮಾದರಿ. ಮುಂದಿನದು ಹ್ಯಾಂಡಲ್ಲಿನತ್ತ ಏರುವ ಫೋರ್ಕಿನ ಸ್ಟೀರರ್ ಕೊಳವೆಯೊಳಗೆ ಕೆಳಗಿನಿಂದ ಬಿಗಿಯುವ ಒಂದು ತುಂಡಿಗೆ ಸಿಕ್ಕಿಕೊಂಡರೆ, ಹಿಂದಿನದು ಸೀಟನ್ನು ಹೊತ್ತ ಕೊಳವೆಯಾದ ಸೀಟ್‌ಪೋಸ್ಟಿನಿಂದ ಚಾಚಿಕೊಳ್ಳುತ್ತದೆ. ಹಾಕುವುದೂ ತೆಗೆಯುವುದೂ ಸುಲಭ. ವಾರದ ದಿನಗಳಲ್ಲಿ ಕಚೇರಿಗೆ, ರಜೆಯಲ್ಲಿ ಕಾಡುದಾರಿಗೆ ಒಂದೇ ಸೈಕಲ್ ಬಳಸುವವರಿಗೆ ಈ ಸೌಲಭ್ಯ ಸಣ್ಣದಲ್ಲ. ಆದರೆ ಮುಂದಿನ ತುಂಡು, ಗುಂಡಿಗಳಲ್ಲಿ ಕುಗ್ಗಿ ಹಿಗ್ಗುವ ಸಸ್ಪೆನ್ಷನ್ನಿನ ಮೇಲೆ, ಫೋರ್ಕಿನ ಎರಡು ಕಾಲುಗಳು ಮೇಲೆ ಕೂಡುವ ಕ್ರೌನಿನ ಅಡಿಯಲ್ಲಿ ಕೂರುವುದರಿಂದ, ಫೋರ್ಕ್ ಪೂರ್ತಿ ಕುಗ್ಗಿದಾಗ ಟೈರು ತಾಗದಂತೆ ಅದನ್ನು ಎತ್ತರದಲ್ಲಿಯೇ ನಿಲ್ಲಿಸಬೇಕಾಗುತ್ತದೆ. ಆ ಅಂತರದೊಳಗಿಂದ ಅಡ್ಡಗಾಳಿಯ ದಿನ ನೀರು ಪಕ್ಕಕ್ಕೆ ತೂರಿಬರುತ್ತದೆ. ಕಣ್ಣಿಗೆ ರಕ್ಷಣೆ ಸಿಕ್ಕರೂ ಕಾಲಿಗೆ ಸಿಗುವುದು ಅಷ್ಟಕ್ಕಷ್ಟೇ.

ಫೋರ್ಕಿನ ಎರಡು ಕೆಳಗಾಲುಗಳನ್ನು ಟೈರಿನ ಮೇಲಿಂದ ಜೋಡಿಸುವ ಕಮಾನಿಗೆ ಕೇಬಲ್ ಟೈನಿಂದ ಕಟ್ಟುವ ಚಿಕ್ಕ ಹಾಳೆಗಳ ಬಗ್ಗೆ ಹೆಚ್ಚು ಹೇಳಬೇಕಾದ್ದಿಲ್ಲ. ಅವು ಹಗುರ, ಅಗ್ಗ, ಮತ್ತು ಕಣ್ಣಿಗೆ ಕೆಸರು ಬೀಳದಂತೆ ತಡೆಯಲೆಂದೇ ಮಾಡಿದವು. ಪ್ಯಾಂಟು ಒಣಗಿರಬೇಕೆಂಬ ಆಸೆಯನ್ನು ಅವುಗಳ ಮೇಲೆ ಹೊರಿಸುವುದು ನ್ಯಾಯವಲ್ಲ. ಇದೇ ರೀತಿ ಕಟ್ಟುವ ಮಡ್‌ಹಗ್ಗರ್ ಮಾತ್ರ ಉದ್ದದಲ್ಲಿ ಒಂದು ಹೆಜ್ಜೆ ಮುಂದಿದೆ. ಅದರ ಹಿಂದಿನ ತುಂಡನ್ನು ಹಿಂದಿನ ಆಕ್ಸಲಿನತ್ತ ಇಳಿಯುವ ಕೊಳವೆಗಳಾದ ಸೀಟ್‌ಸ್ಟೇಗಳಿಗೆ ಕಟ್ಟುವುದರಿಂದ ಅದು ಚಕ್ರದೊಂದಿಗೇ ಏರಿಳಿಯುತ್ತದೆ, ಹಾಗಾಗಿ ಟೈರಿಗೆ ಹತ್ತಿರವಾಗಿ ನಿಲ್ಲಬಲ್ಲದು. ಹಿಂದೆಯೂ ಸಸ್ಪೆನ್ಷನ್ ಇರುವ ಸೈಕಲ್ಲಿಗೆ ನಾನು ಸೂಚಿಸುವುದು ಇದನ್ನೇ.

ಪೂರ್ಣ ಉದ್ದದ ಮಡ್‌ಗಾರ್ಡುಗಳಲ್ಲಿ ಎಸ್‌ಕೆಎಸ್ ಬ್ಲೂಮೆಲ್ಸ್ ಸರಣಿ ಹಲವು ಅಗಲಗಳಲ್ಲಿ ಸಿಗುತ್ತದೆ. ಆಯ್ಕೆಯ ಲೆಕ್ಕ ಸುಲಭ: 2.1 ಇಂಚಿನ ಟೈರು ಸುಮಾರು 53 ಮಿಲಿಮೀಟರ್, 2.4 ಇಂಚಿನದು ಸುಮಾರು 61 ಮಿಲಿಮೀಟರ್ ಅಗಲವಿರುತ್ತದೆ. ಮಡ್‌ಗಾರ್ಡ್ ಅದಕ್ಕಿಂತ ಹತ್ತು ಮಿಲಿಮೀಟರಿನಷ್ಟಾದರೂ ಅಗಲವಾಗಿರಬೇಕು. ಕೊಳ್ಳುವ ಮುನ್ನ ಚಕ್ರದ ಆಕ್ಸಲ್ ಬಳಿ ಕಂಬಿಗಳನ್ನು ಬಿಗಿಯಲು ತಿರುಪಿನ ತೂತುಗಳಿವೆಯೇ ಎಂದು ನೋಡಿಕೊಳ್ಳಿ. ಹಿಂಬದಿಯಲ್ಲಿ ಇವು ಹಲವು ಹಾರ್ಡ್‌ಟೇಲ್ (ಹಿಂದೆ ಸಸ್ಪೆನ್ಷನ್ ಇಲ್ಲದ) ಸೈಕಲ್ಲುಗಳಲ್ಲಿರುತ್ತವೆ, ಆದರೆ ಸಸ್ಪೆನ್ಷನ್ ಫೋರ್ಕಿನಲ್ಲಿ ಅಪರೂಪ. ಇತ್ತೀಚಿನ ಕೆಲವು ರಾಕ್‌ಶಾಕ್ಸ್ ಮತ್ತು ಫಾಕ್ಸ್ ಫೋರ್ಕುಗಳ ಕಮಾನಿನ ಹಿಂದೆ ತೂತುಗಳಿದ್ದರೂ ಅವು ಚಿಕ್ಕ ಮಡ್‌ಗಾರ್ಡಿಗೆ ಮೀಸಲು. ಸಸ್ಪೆನ್ಷನ್ ಫೋರ್ಕಿಗೆ ಉದ್ದನೆಯದನ್ನು ಹಾಕಲೇಬೇಕೆಂದರೆ ಚಕ್ರದೊಂದಿಗೇ ಏರಿಳಿಯುವ ಕಮಾನು ಮತ್ತು ಕೆಳಗಾಲುಗಳಿಗೆ ಮಾತ್ರ ಬಿಗಿಯಬೇಕು. ಒಂದು ತುದಿಯನ್ನು ಕ್ರೌನಿಗೂ ಇನ್ನೊಂದನ್ನು ಕೆಳಗಾಲಿಗೂ ಬಿಗಿದರೆ, ಮೊದಲ ದೊಡ್ಡ ಗುಂಡಿಯಲ್ಲಿಯೇ ಮಡ್‌ಗಾರ್ಡ್ ಮಡಚಿ ಟೈರಿನೊಳಗೆ ಸಿಲುಕುವ ಅಪಾಯವಿದೆ. ಕಾಡುದಾರಿಗೆ ಹೋಗುವುದನ್ನೇ ನಿಲ್ಲಿಸಿದ ಹಳೆಯ ಸೈಕಲ್ಲಾದರೆ, ತೂತುಗಳಿರುವ, ಸಸ್ಪೆನ್ಷನ್ ಇಲ್ಲದ ಒಂದು ರಿಜಿಡ್ ಫೋರ್ಕನ್ನು ಹಾಕಿಸುವುದು ಇವೆಲ್ಲಕ್ಕಿಂತ ನೇರವಾದ ಪರಿಹಾರ. ಉಪ್ಪುನೀರಿನಲ್ಲಿ ಸಸ್ಪೆನ್ಷನ್ ಸೀಲುಗಳು ಸವೆಯುವ ಚಿಂತೆಯೂ ತಪ್ಪುತ್ತದೆ. ಡಿಸ್ಕ್ ಬ್ರೇಕಿನ ಕ್ಯಾಲಿಪರ್ (ಡಿಸ್ಕನ್ನು ಅದುಮಿ ಹಿಡಿಯುವ ಭಾಗ) ಕಂಬಿಗೆ ಅಡ್ಡ ಬರುವುದು ಸಾಮಾನ್ಯ. ಅಲ್ಲಿ ಉದ್ದನೆಯ ಬೋಲ್ಟು ಮತ್ತು ಸ್ಪೇಸರ್ ಹಾಕಿ ಕಂಬಿಯನ್ನು ಹೊರಕ್ಕೆ ಸರಿಸಬೇಕಾಗುತ್ತದೆ.

ಮುಂದಿನ ಕಂಬಿಗಳಲ್ಲಿ ಸೆಕ್ಯುಕ್ಲಿಪ್‌ನಂಥ ಸುರಕ್ಷತಾ ಕೊಂಡಿ ಇದೆಯೇ ಎಂದು ಕೇಳಿಯೇ ಹಣ ಕೊಡಿ. ಟೈರಿಗೂ ಮಡ್‌ಗಾರ್ಡಿಗೂ ನಡುವೆ ಕಡ್ಡಿ ಸಿಕ್ಕಿಕೊಂಡಾಗ ಈ ಕೊಂಡಿ ಕಂಬಿಯನ್ನು ಬಿಟ್ಟುಕೊಡುತ್ತದೆ. ಇಲ್ಲದಿದ್ದರೆ ಚಕ್ರ ಥಟ್ಟನೆ ನಿಂತು ಸವಾರ ಹ್ಯಾಂಡಲ್ಲಿನ ಮೇಲಿಂದ ಮುಗ್ಗರಿಸುತ್ತಾನೆ. ಕೆಳತುದಿಯಲ್ಲಿ ಜೋಲುವ ಫ್ಲ್ಯಾಪ್ ಇಲ್ಲದೆ ಬರುವ ಮಾದರಿಗೆ ದಪ್ಪ ರಬ್ಬರಿನ ತುಂಡೊಂದನ್ನು ನೀವೇ ಬೋಲ್ಟಿನಿಂದ ಸೇರಿಸಬಹುದು. ನೋಡಲು ಅಂದವಲ್ಲದಿದ್ದರೂ ಬೂಟುಗಳನ್ನು ಒಣಗಿಸಿಡುವುದರಲ್ಲಿ ಅದಕ್ಕೆ ಸಾಟಿಯಿಲ್ಲ.

ಮಡ್‌ಗಾರ್ಡನ್ನು ಟೈರಿಗೆ ಆದಷ್ಟು ಹತ್ತಿರ ತರಬೇಕೆಂಬ ಮಳೆಗಾಲದ ನಿಯಮ ಹಿಮದಲ್ಲಿ ಪೂರ್ತಿ ನಡೆಯುವುದಿಲ್ಲ. ಕಿರಿದಾದ ಸಂದಿನಲ್ಲಿ ಹಸಿ ಹಿಮ ತುಂಬಿಕೊಂಡು, ಸೈಕಲ್ ನಿಂತಾಗ ಗಟ್ಟಿಯಾಗಿ, ಚಕ್ರ ತಿರುಗದಂತೆ ಮಾಡುತ್ತದೆ. ಮೊಳೆಗಳಿರುವ ಚಳಿಗಾಲದ ಟೈರಿಗೂ ಹೆಚ್ಚುವರಿ ಜಾಗ ಬೇಕು. ಹಾಗಾಗಿ ಬೇಸಿಗೆಯ ಟೈರಿನ ಅಳತೆಗೆ ಕೊಳ್ಳದೆ, ಚಳಿಗಾಲದಲ್ಲಿ ನಿಜವಾಗಿ ಹಾಕುವ ಟೈರಿನ ಅಳತೆಗೆ ಕೊಳ್ಳಿ. ತೀರ ಅಗ್ಗದ ಪ್ಲಾಸ್ಟಿಕ್ ಕೊರೆಯುವ ಚಳಿಯಲ್ಲಿ ಪೆಡಸಾಗಿ, ಬೂಟು ತಾಗಿದರೂ ಸೀಳಿಬಿಡಬಹುದು.

ಹಿಂದಿನ ಮಡ್‌ಗಾರ್ಡಿನ ವಿಷಯದಲ್ಲಿ ಎಚ್ಚರಿಕೆ ಬೇಕಾದವರು, ಓಡಿಸುತ್ತಲೇ ಸೀಟನ್ನು ಏರಿಳಿಸಲು ಬಿಡುವ ಡ್ರಾಪರ್ ಸೀಟ್‌ಪೋಸ್ಟ್ ಬಳಸುವವರು. ಒಳಗೆ ಹೊರಗೆ ಸರಿಯುವ ಕೊಳವೆಗೆ ಕ್ಲಿಪ್-ಆನ್ ಬಿಗಿದರೆ ಕೊಳವೆ ಗೀಚಿಹೋಗುತ್ತದೆ, ಸೀಟು ಕೆಳಗಿಳಿಯುವುದೂ ಇಲ್ಲ. ಸೀಟ್‌ಪೋಸ್ಟಿಗೆ ಕಟ್ಟುವ ಬಗೆ ಹಿಂದಿನ ದೀಪಕ್ಕೂ ಅಡ್ಡವಾಗುತ್ತದೆ. ಚಳಿಗಾಲದಲ್ಲಿ ಬೇಗ ಕತ್ತಲಾಗುವುದರಿಂದ ಇದು ಕಡೆಗಣಿಸುವ ಮಾತಲ್ಲ. ಅದರ ಚಾಚುಗೈ ದೀಪವನ್ನು ಮರೆಮಾಡುವಂತಿದ್ದರೆ ದೀಪವನ್ನು ಸೀಟ್‌ಸ್ಟೇಗೆ ಅಥವಾ ಕ್ಯಾರಿಯರಿನ ಹಿಂತುದಿಗೆ ಬದಲಾಯಿಸಿ, ಹಿಂದಿನಿಂದ ಬರುವ ವಾಹನದ ಎತ್ತರದಿಂದ ಒಮ್ಮೆ ನೋಡಿಕೊಳ್ಳಬೇಕು.