ಬಾಟಲಿ ಕೇಜಿನ ಸಡಿಲ ರಿವೆಟ್ ನಟ್ಟಿಗೆ ಕೈ ರಿವೆಟರ್: ಎರಡು ವರ್ಷಗಳ ಬಳಕೆಯ ನಂತರ

ನನ್ನ ಅಲ್ಯೂಮಿನಿಯಂ ಹೈಬ್ರಿಡ್ ಸೈಕಲ್ಲಿನ ಡೌನ್ ಟ್ಯೂಬಿನಲ್ಲಿ (ಹ್ಯಾಂಡಲ್ ಕಡೆಯಿಂದ ಪೆಡಲುಗಳತ್ತ ಇಳಿಯುವ ಕೊಳವೆ) ನೀರಿನ ಬಾಟಲಿಯ ಕೇಜನ್ನು ಹಿಡಿದಿದ್ದ ಎರಡು ಬೋಲ್ಟುಗಳ ಪೈಕಿ ಕೆಳಗಿನದು ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಬಿಚ್ಚಲು ಬಾರದಂತಾಗಿತ್ತು. ಅಲೆನ್ ಕೀ ಹಾಕಿ ತಿರುಗಿಸಿದಷ್ಟೂ ಅದು ನಿಂತಲ್ಲೇ ತಿರುಗುತ್ತಿತ್ತೇ ಹೊರತು ಕೂದಲೆಳೆಯಷ್ಟೂ ಹೊರಗೆ ಬರುತ್ತಿರಲಿಲ್ಲ. ಉಕ್ಕಿನ ಫ್ರೇಮುಗಳಲ್ಲಿ ಬೋಲ್ಟು ಕೂರುವ ಥ್ರೆಡ್ ಇರುವ ತುಂಡನ್ನು ಬೆಸೆದಿರುತ್ತಾರೆ. ಅಲ್ಯೂಮಿನಿಯಂ ಕೊಳವೆಯಲ್ಲಾದರೋ ರಂಧ್ರ ಕೊರೆದು, ಎಂ5 ಅಳತೆಯ (5 ಮಿಲಿಮೀಟರ್ ಬೋಲ್ಟಿನ) ರಿವೆಟ್ ನಟ್ಟನ್ನು ಒಳಗಿಟ್ಟು ಹಿಂಡಿ ಕೂರಿಸಿರುತ್ತಾರೆ. ಸ್ಟೇನ್‌ಲೆಸ್ ಬೋಲ್ಟು, ಅಲ್ಯೂಮಿನಿಯಂ ನಟ್ಟು, ಮೇಲಿಂದ ಸುರಿಯುವ ಬೆವರು ಮತ್ತು ಮಳೆನೀರು ಸೇರಿದಾಗ ಎರಡು ಲೋಹಗಳ ನಡುವೆ ತುಕ್ಕು ಬೆಳೆದು ಥ್ರೆಡ್ ಕಚ್ಚಿಕೊಳ್ಳುತ್ತದೆ. ಆಗ ಬಲ ಹಾಕಿದರೆ ಬಿಚ್ಚಿಕೊಳ್ಳುವುದು ಬೋಲ್ಟಲ್ಲ, ಫ್ರೇಮಿನಲ್ಲಿ ನಟ್ಟಿಗಿದ್ದ ಹಿಡಿತ.

ವಿಚಾರಿಸಿದ ಅಂಗಡಿಯಲ್ಲಿ ಕೊಳವೆಯ ಸುತ್ತ ಕ್ಲಾಂಪ್ ಕಟ್ಟಿಕೊಳ್ಳಿ ಎಂದಷ್ಟೇ ಹೇಳಿದರು. ಅದು ನನಗೆ ಒಗ್ಗಲಿಲ್ಲ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಸುಮಾರು 1,400 ರೂಪಾಯಿ ಕೊಟ್ಟು ಇಂಥ ನಟ್ಟನ್ನು ಹಿಂಡಿ ಕೂರಿಸುವ, ಎರಡು ಹಿಡಿಕೆಗಳ ಕೈ ರಿವೆಟರನ್ನೂ ಒಂದು ಹಿಡಿಯಷ್ಟು ರಿವೆಟ್ ನಟ್ಟುಗಳನ್ನೂ ತಂದೆ.

ಹಳೆಯದನ್ನು ತೆಗೆಯುವುದೇ ನಿಜವಾದ ಕೆಲಸ. ಕೇಜಿನ ಅಡಿಯಲ್ಲಿ ಹ್ಯಾಕ್ಸಾ ಬ್ಲೇಡ್ ತೂರಿಸಿ ಬೋಲ್ಟನ್ನು ಕತ್ತರಿಸಿದ ಮೇಲೆ, ನಟ್ಟಿನ ಅಂಚನ್ನು ಇಕ್ಕಳದಿಂದ ಬಿಗಿಯಾಗಿ ಹಿಡಿದುಕೊಂಡು, ಸಣ್ಣ ಡ್ರಿಲ್ ಬಿಟ್ಟಿನಿಂದ ಆರಂಭಿಸಿ ಹಂತಹಂತವಾಗಿ 7 ಮಿಲಿಮೀಟರ್‌ವರೆಗೆ ಕೊರೆದಾಗ ಅಂಚು ಬಳೆಯಂತೆ ಕಳಚಿ ಬಂತು, ಉಳಿದ ಭಾಗ ಠಣ್ಣೆಂದು ಕೊಳವೆಯೊಳಗೆ ಬಿತ್ತು. ಬಾಟಮ್ ಬ್ರಾಕೆಟ್ (ಪೆಡಲುಗಳ ಅಚ್ಚು ಕೂರುವ ಭಾಗ) ಬಿಚ್ಚಿಸಿ ಆ ತುಂಡನ್ನು ಹೊರತೆಗೆಯುವವರೆಗೆ ಮೂರು ವಾರ ನನ್ನ ಸೈಕಲ್ ಮಗುವಿನ ಗಿಲಕಿಯಂತೆ ಸದ್ದು ಮಾಡುತ್ತಿತ್ತು. 7 ಮಿಲಿಮೀಟರ್‌ಗಿಂತ ದೊಡ್ಡ ಬಿಟ್ಟನ್ನು ಖಂಡಿತ ಬಳಸಬಾರದು. ರಂಧ್ರ ಸಡಿಲವಾದರೆ ಹೊಸ ನಟ್ಟು ಕೂಡ ಹಿಡಿಯುವುದಿಲ್ಲ.

ಇಲ್ಲಿ ನನ್ನ ತಪ್ಪೊಂದನ್ನು ಹೇಳಬೇಕು. ಉಪಕರಣ ಕೈಯಲ್ಲಿದ್ದರೂ, ಉದ್ದದ ಬೋಲ್ಟು, ನಟ್ಟು ಮತ್ತು ವಾಷರ್ ಇದ್ದರೆ ಸ್ಪ್ಯಾನರಿನಿಂದಲೇ ರಿವೆಟ್ ನಟ್ಟನ್ನು ಕೂರಿಸಬಹುದೆಂದು ಎಲ್ಲೋ ಓದಿದ್ದನ್ನು ಪರೀಕ್ಷಿಸುವ ಚಪಲದಿಂದ, ಮೊದಲ ಸಲ ಹಾಗೆಯೇ ಅಲ್ಯೂಮಿನಿಯಂ ನಟ್ಟೊಂದನ್ನು ಕೂರಿಸಿದೆ. ವಿಧಾನ ಸುಳ್ಳಲ್ಲ. ಆದರೆ ಬಿಗಿಯುವಾಗ ನಟ್ಟು ಸ್ವಲ್ಪ ತಿರುಗಿಬಿಟ್ಟಿತ್ತು. ನಾಲ್ಕು ತಿಂಗಳಲ್ಲಿ ಮತ್ತೆ ಅದೇ ಕಥೆಯಾಯಿತು.

ಎರಡನೆಯ ಸಲ ಸತು ಲೇಪಿತ ಉಕ್ಕಿನ ನಟ್ಟನ್ನು ರಿವೆಟರಿನಿಂದ ಕೂರಿಸಿದೆ. ಇದರಲ್ಲಿ ನಟ್ಟು ತಿರುಗುವುದಿಲ್ಲ. ಹಿಡಿಕೆಗಳನ್ನು ಒತ್ತಿದಾಗ ಉಪಕರಣದ ಥ್ರೆಡ್ ಕಂಬಿ ನೇರವಾಗಿ ಹಿಂದಕ್ಕೆ ಎಳೆದು, ಕೊಳವೆಯ ಒಳಗೋಡೆಗೆ ನಟ್ಟಿನ ಹೊಟ್ಟೆ ಉಬ್ಬಿ ಒತ್ತಿಕೊಳ್ಳುವಂತೆ ಮಾಡುತ್ತದೆ. ಎಲ್ಲಿ ನಿಲ್ಲಿಸಬೇಕೆಂಬುದು ಕೈಗೆ ತಿಳಿಯಬೇಕು. ಹಿಡಿಕೆ ಒಮ್ಮೆಗೇ ಬಿಗಿಯಾದ ನಂತರವೂ ಒತ್ತಿದರೆ ಥ್ರೆಡ್ ಹಾಳಾಗುತ್ತದೆ. ಒಂದು ಅಲ್ಯೂಮಿನಿಯಂ ಪಟ್ಟಿಯ ಮೇಲೆ ಐದು ನಟ್ಟುಗಳನ್ನು ಕೆಡಿಸಿ ನಾನಿದನ್ನು ಕಲಿತೆ.

ಅಂದಿನಿಂದ ಎರಡು ವರ್ಷಗಳಾಗಿವೆ. ಕನಕಪುರ ರಸ್ತೆಯ ಹಂಪುಗಳ ಮೇಲೆ ದಿನವೂ 750 ಮಿಲಿಲೀಟರ್ ಬಾಟಲಿ ಹೊತ್ತ ಕೇಜು ಒಮ್ಮೆಯೂ ಅಲುಗಾಡಿಲ್ಲ. ಉಕ್ಕು ಅಲ್ಯೂಮಿನಿಯಂಗೆ ತಾಗುವುದರಿಂದ ನಟ್ಟಿನ ಸುತ್ತ ಗ್ರೀಸ್ ಸವರಿ, ಬಣ್ಣ ಕಿತ್ತ ಅಂಚಿಗೆ ಹೆಂಡತಿಯ ನೇಲ್ ಪಾಲಿಶ್ ಹಚ್ಚಿದ್ದೆ. ಆದರೂ ಈ ಮಳೆಗಾಲದ ನಂತರ ಒಂದು ಬದಿಯಲ್ಲಿ ತುಕ್ಕಿನ ಬಿಳಿ ಪುಡಿಯ ಸಣ್ಣ ಗೆರೆ ಕಂಡಿತು. ಒರೆಸಿ ಮತ್ತೆ ಹಚ್ಚಿದ್ದೇನೆ.

ಉಪಕರಣದ ಬಗ್ಗೆ ದೂರುಗಳಿಲ್ಲದಿಲ್ಲ. ಎಂ5 ಕಂಬಿಯ ತುದಿಯ ಥ್ರೆಡ್ ಇಪ್ಪತ್ತು ನಟ್ಟುಗಳಷ್ಟರಲ್ಲೇ ಸವೆದಿದೆ, ಬಿಡಿಭಾಗ ಎಲ್ಲಿಯೂ ಸಿಗುತ್ತಿಲ್ಲ. ಹಿಡಿಕೆಗಳು ಉದ್ದವಾದ್ದರಿಂದ ಸ್ನೇಹಿತನ ಚಿಕ್ಕ ಫ್ರೇಮಿನಲ್ಲಿ ಅವು ಮೇಲಿನ ಕೊಳವೆಗೆ ತಗಲಿ, ಪೂರ್ತಿ ತೆರೆಯಲೇ ಆಗಲಿಲ್ಲ. ಕಾರ್ಬನ್ ಫ್ರೇಮ್ ಇರುವವರು ಇದನ್ನು ಮುಟ್ಟದಿರುವುದೇ ಒಳ್ಳೆಯದು. ವಾರಂಟಿ ಇರುವವರು ಕೊರೆಯುವ ಮುನ್ನ ಅದರ ಷರತ್ತುಗಳನ್ನು ಓದಿಕೊಳ್ಳಲಿ.

ಸೀಟಿನ ಕೆಳಗಿನ ಕೊಳವೆಯಾದ ಸೀಟ್ ಟ್ಯೂಬಿನಲ್ಲಿ ಕಾರ್ಖಾನೆಯ ನಟ್ಟುಗಳೆರಡು ಇನ್ನೂ ಗಟ್ಟಿಯಾಗಿವೆ. ವರ್ಷಕ್ಕೆರಡು ಸಲ ಅವುಗಳ ಬೋಲ್ಟು ಬಿಚ್ಚಿ, ಗ್ರೀಸ್ ಹಚ್ಚಿ, ಅಲೆನ್ ಕೀಯ ಗಿಡ್ಡ ತೋಳನ್ನು ಹಿಡಿದು ಹಗುರವಾಗಿ ಬಿಗಿಯುತ್ತೇನೆ.