ತೊಡೆ ಉಜ್ಜದ ಸೀಟು ಯಾವ್ದು? ನಾಲ್ಕು ಥರದ್ದು ಹಾಕಿ ತುಳಿದು ನೋಡಿದ್ದು

ಎರಡು ವರ್ಷದಲ್ಲಿ ನಾಲ್ಕು ಸೀಟು ಬದಲಾಯಿಸಿದೀನಿ. ಸೈಕಲ್ಲು ಅದೇ, ಶಾರ್ಟ್ಸ್ ಅದೇ ಥರದ್ದು, ದಾರಿನೂ ಹೆಚ್ಚುಕಮ್ಮಿ ಅದೇ 60 ಕಿ.ಮೀ. ಸುತ್ತು, ಹಾಗಾಗಿ ಇವನ್ನ ಪಕ್ಕಪಕ್ಕ ಇಟ್ಟು ಮಾತಾಡಬಹುದು ಅನ್ಸುತ್ತೆ.

ಸೀಟ್ ನೋವು ಅಂತ ಎಲ್ರೂ ಒಂದೇ ಹೆಸರಲ್ಲಿ ಹೇಳ್ತಾರೆ, ಆದ್ರೆ ಅದ್ರಲ್ಲಿ ಎರಡು ಬೇರೆ ಬೇರೆ ತೊಂದ್ರೆ ಇದೆ. ಒಂದು, ಕೂರೋ ಮೂಳೆ ಒತ್ತಿ ನೋಯೋದು, ಅದು ಹೊಸಬರಿಗೆ ಕೆಲವು ವಾರದಲ್ಲಿ ರೂಢಿ ಆಗ್ತಾ ಕಮ್ಮಿ ಆಗುತ್ತೆ. ಇನ್ನೊಂದು ತೊಡೆಸಂದೀಲಿ ಚರ್ಮ ಉಜ್ಜಿ ಉಜ್ಜಿ ತರಚಿಹೋಗೋದು, ಮನೆಗೆ ಬಂದು ಸ್ನಾನಕ್ಕೆ ನಿಂತಾಗ ಸೋಪು ತಾಗಿದ ತಕ್ಷಣ ಚುರ್ ಅನ್ನುತ್ತಲ್ಲ, ಅದು. ಅದು ರೂಢಿ ಆಗಲ್ಲ, ಓಡಿಸಿದಷ್ಟೂ ಜಾಸ್ತಿ ಆಗುತ್ತೆ. ನಿಮಿಷಕ್ಕೆ 80 ಸುತ್ತು ಪೆಡಲ್ ತುಳಿದ್ರೆ ಗಂಟೆಗೆ 4,800 ಸಲ ಒಂದೊಂದು ತೊಡೆನೂ ಸೀಟಿನ ಪಕ್ಕ ಹಾದು ಹೋಗುತ್ತೆ, ಅದೂ ಬೆವರಲ್ಲಿ ನೆಂದು ಮೆತ್ತಗಾಗಿರೋ ಚರ್ಮ. ನನ್ನ ಕಷ್ಟ ಈ ಎರಡನೇದು, ಕೆಳಗಿನ ತೀರ್ಪೆಲ್ಲಾ ಅದನ್ನ ನೋಡ್ಕೊಂಡೇ ಕೊಟ್ಟಿರೋದು.

ಮೊದಲು ಅಗಲದ ಜೆಲ್ ಸೀಟು. ಹೆಬ್ಬೆರಳಲ್ಲಿ ಒತ್ತಿದ್ರೆ ಉಗುರು ಮುಳುಗೋ ಅಷ್ಟು ಮೆತ್ತಗೆ, ಮೊದಲ 10 ಕಿ.ಮೀ. ಬಹಳ ಹಾಯಾಗಿತ್ತು. 25 ದಾಟಿದ ಮೇಲೆ ಶುರು. ಮೂಳೆ ಒಳಗೆ ಇಳಿದಾಗ ಆ ಜೆಲ್ ಎಲ್ಲಿಗೆ ಹೋಗ್ಬೇಕು, ಮಧ್ಯಕ್ಕೆ ಮತ್ತೆ ಎರಡೂ ಪಕ್ಕಕ್ಕೆ ಉಬ್ಬಿ ಬರುತ್ತೆ, ಆ ಉಬ್ಬೇ ತೊಡೆಗೆ ಉಜ್ಜೋದು. ಒಂದು ತಿಂಗಳಾದ ಮೇಲೆ ಶಾರ್ಟ್ಸ್ ತಿರುಗಿಸಿ ನೋಡ್ದೆ, ಒಳತೊಡೆ ಹತ್ರ ಬಟ್ಟೆ ಎಲ್ಲಾ ಸಣ್ಣ ಸಣ್ಣ ಉಂಡೆ ಕಟ್ಟಿತ್ತು, ಎಡಗಡೆ ಜಾಸ್ತಿ ಬಲಗಡೆ ಕಮ್ಮಿ. ಈ ಎಡಗಡೆ ವಿಷ್ಯಕ್ಕೆ ಆಮೇಲೆ ಬರ್ತೀನಿ. ಹ್ಯಾಂಡಲ್ ಎತ್ತರ ಇದ್ದು ನೆಟ್ಟಗೆ ಕೂತು ನಾಲ್ಕೈದು ಕಿ.ಮೀ. ಹೋಗಿ ಬರೋರಿಗೆ ಈ ಸೀಟು ಚೆನ್ನಾಗೇ ಇದೆ, ಬಗ್ಗಿ ದೂರ ತುಳಿಯೋರಿಗೆ ಅಲ್ಲ.

ಅದರ ಸಿಟ್ಟಲ್ಲಿ ಪೂರ್ತಿ ಉಲ್ಟಾ ಹೋಗಿ 130 ಮಿ.ಮೀ. ಅಗಲದ ರೇಸಿಂಗ್ ಸೀಟು ಹಾಕ್ದೆ. ಉಜ್ಜೋದು ನಿಂತೇ ಹೋಯ್ತು! ಆದ್ರೆ ಮೂಳೆಗೆ ಆಸರೆನೇ ಇಲ್ಲ, ಭಾರ ಎಲ್ಲಾ ಮಧ್ಯದ ಮೆತ್ತನೆ ಜಾಗದ ಮೇಲೆ, ಅರ್ಧ ಗಂಟೆಗೆ ಮರಗಟ್ಟೋಕೆ ಶುರುವಾಯ್ತು. ಮರಗಟ್ಟೋದನ್ನ ದಯವಿಟ್ಟು ಸಹಿಸ್ಕೋಬೇಡಿ, ಅಲ್ಲಿ ನರ, ರಕ್ತನಾಳ ಒತ್ತಿಹೋಗ್ತಿರುತ್ತೆ. ಆಗ ನಾನು ಮೊದಲೇ ಮಾಡ್ಬೇಕಿದ್ದ ಕೆಲಸ ಮಾಡ್ದೆ: ಗಟ್ಟಿ ಮೆಟ್ಟಿಲ ಮೇಲೆ ರಟ್ಟಿನ ಡಬ್ಬದ ತುಂಡು ಇಟ್ಟು, ಮಂಡಿ ಮೇಲೆತ್ತಿ ಸ್ವಲ್ಪ ಮುಂದಕ್ಕೆ ಬಗ್ಗಿ ಒಂದು ನಿಮಿಷ ಕೂತೆ. ಎದ್ದಾಗ ರಟ್ಟಿನಲ್ಲಿ ಎರಡು ತಗ್ಗು. ಒಂದರ ನಡುವಿಂದ ಇನ್ನೊಂದರ ನಡುವಿಗೆ ಅಳತೆ 122 ಮಿ.ಮೀ. ಇದಕ್ಕೆ 20ರಿಂದ 25 ಸೇರಿಸಿದ್ರೆ ಸೀಟಿನ ಅಗಲ ಅಂದಾಜು ಸಿಗುತ್ತೆ, ನೆಟ್ಟಗೆ ಕೂರೋರಿಗೆ ಇನ್ನೂ ಸ್ವಲ್ಪ ಜಾಸ್ತಿ. ಅಂದ್ರೆ ನನಗೆ 130 ಅನ್ನೋದು ಆಗೋ ಮಾತೇ ಅಲ್ಲ.

ಮೂರನೇದು ಚರ್ಮದ್ದು. ಈ ಜಾತಿ ಸೀಟು ಅಂದ್ರೆ ಎಲ್ರಿಗೂ ನೆನಪಾಗೋದು ಬ್ರೂಕ್ಸ್ ಬಿ17, 1866ರಲ್ಲಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಲ್ಲಿ ಶುರುವಾದ ಕಂಪನಿಯದ್ದು, ಇವತ್ತಿಗೂ ದೂರ ಹೋಗೋರು ಕೇಳಿ ತಗೋತಾರೆ. ನನ್ನದು ಅದಲ್ಲ, ಅದೇ ಮಾದರಿಯ ಬೇರೆಯದು. ಇದ್ರಲ್ಲಿ ಫೋಮ್ ಇಲ್ಲ, ಜೆಲ್ ಇಲ್ಲ, ದಪ್ಪ ಚರ್ಮವನ್ನ ಮುಂದೆ ಹಿಂದೆ ಎಳೆದು ಬಿಗಿದಿರ್ತಾರೆ, ತೂಕ ಅರ್ಧ ಕೆಜಿ ಆಸುಪಾಸು. ಮೊದಲ 200 ಕಿ.ಮೀ. ಹಲಗೆ ಮೇಲೆ ಕೂತಂಗೆ. 500 ಆಗೋ ಹೊತ್ತಿಗೆ ನನ್ನ ಮೂಳೆ ಕೂರೋ ಎರಡೂ ಜಾಗದಲ್ಲಿ ಚರ್ಮ ತಗ್ಗಾಗಿ, ಬೆಳಕಿಗೆ ಓರೆ ಹಿಡಿದ್ರೆ ಕಾಣೋದು, ಆ ರಟ್ಟಿನಲ್ಲಿ ಬಿದ್ದ ಗುರುತೇ ಇದ್ರ ಮೇಲೂ ಬಂದಂಗೆ. ನುಣುಪಾಗಿರೋದ್ರಿಂದ ತೊಡೆ ಹಿಡಿಯಲ್ಲ, ಜಾರಿಕೊಂಡು ಹೋಗುತ್ತೆ, ಜೆಲ್ ಸೀಟಿನ ಬಟ್ಟೆ ಕವರ್ ಹಿಡ್ಕೊಂಡು ಎಳೀತಿತ್ತು. ತೊಂದ್ರೆ ಅಂದ್ರೆ ಪಳಗ್ತಾ ಪಳಗ್ತಾ ಪಕ್ಕದ ಅಂಚು ಹೊರಗೆ ಅರಳಿಕೊಳ್ತು, ಅದು ತೊಡೆಗೆ ತಾಗೋಕೆ ಶುರು. ಅಂಚಲ್ಲಿ ತೂತು ಹಾಕಿ ಕೆಳಗಿಂದ ಶೂ ಲೇಸಲ್ಲಿ ಎಳೆದು ಕಟ್ಟಿದೆ, ಮುಕ್ಕಾಲು ಪಾಲು ಸರಿಹೋಯ್ತು. ಮಳೆಗೆ ಮಾತ್ರ ಕವರ್ ಇಲ್ದೆ ಆಗಲ್ಲ, ನೆಂದಿರೋದ್ರ ಮೇಲೆ ಕೂತು ಓಡಿಸಿದ್ರೆ ಚರ್ಮ ಜೋತುಬೀಳುತ್ತೆ.

ಕೊನೇದು ಶಾರ್ಟ್ ನೋಸ್, ಅಂದ್ರೆ ಮುಂದಿನ ಮೂತಿ ಗಿಡ್ಡ ಇರೋ ಸೀಟು, 155 ಮಿ.ಮೀ. ಅಗಲ, ಉದ್ದ 240, ಮಾಮೂಲಿ ಸೀಟು 270–280 ಇರುತ್ತೆ, ಮಧ್ಯದಲ್ಲಿ ಉದ್ದಕ್ಕೆ ಕಿಂಡಿ. ಸ್ಪೆಷಲೈಜ್ಡ್ ಅನ್ನೋ ಕಂಪನಿಯ ಪವರ್ ಸೀಟು 2015ರಲ್ಲಿ ಬಂದ ಮೇಲೆ ಈಗ ಬಹಳಷ್ಟು ಕಂಪನಿಯವ್ರು ಈ ಆಕಾರ ಮಾಡ್ತಾರೆ. ಹಿಂದೆ ಅಗಲ ಇದ್ರೂ ಮುಂದಕ್ಕೆ ಥಟ್ ಅಂತ ಸಣ್ಣಗಾಗುತ್ತೆ, ಫೋಮ್ ಗಟ್ಟಿ, ತೊಡೆಗೆ ಜಾಗ ಬಿಡುತ್ತೆ. ಇದೇ ನನ್ನ ಸೀಟು ಅಂದ್ಕೊಂಡೆ, ಆದ್ರೆ ಮೊದಲನೇ ವಾರನೇ ಮತ್ತೆ ಉರಿ, ಮತ್ತೆ ಎಡಗಡೆನೇ! ನಿಜ ಹೇಳ್ತೀನಿ, ಅವತ್ತು ಅಳು ಬರೋದೊಂದೇ ಬಾಕಿ.

ಗೆಳೆಯ ಹಿಂದಿನಿಂದ ಬರ್ತಾ ವಿಡಿಯೋ ಮಾಡಿದ. ನೋಡಿದ್ರೆ ಪ್ರತಿ ಸುತ್ತಿಗೂ ನನ್ನ ಸೊಂಟ ಎಡಕ್ಕೆ ವಾಲ್ತಾ ಇದೆ, ಪೆಡಲ್ ಕೆಳಗೆ ಹೋದಾಗ ಕಾಲು ಎಟುಕದೆ ಸೊಂಟ ಇಳಿಸಿ ಮುಟ್ಟಿಸ್ತಾ ಇದ್ದೆ. ಸೀಟು ಎತ್ತರ ಜಾಸ್ತಿ, ಅಷ್ಟೇ. ಅಲೆನ್ ಕೀ ತಗೊಂಡು 6 ಮಿ.ಮೀ. ಇಳಿಸಿದೆ, ಮೇಲಿಂದ ನೋಡಿ ಸ್ವಲ್ಪ ಓರೆ ಇದ್ದ ಸೀಟಿನ ಮೂತಿನ ನೇರ ಮಾಡ್ದೆ. ಮುಂದಿನ ಭಾನುವಾರ 60 ಕಿ.ಮೀ. ಮುಗಿಸಿ ಸ್ನಾನಕ್ಕೆ ನಿಂತ್ರೆ ಉರಿನೇ ಇಲ್ಲ.

ಹಾಗಾದ್ರೆ ಹಿಂದಿನ ಸೀಟುಗಳಿಗೆ ಅನ್ಯಾಯ ಮಾಡಿದ್ನಾ ಅಂತ ಅದೇ ಎತ್ತರಕ್ಕೆ ಹೊಂದಿಸಿ ಜೆಲ್ಲನ್ನೂ ಚರ್ಮದ್ದನ್ನೂ ಮತ್ತೆ ಹಾಕಿ ನೋಡ್ದೆ. ಜೆಲ್ಲು ಆಗ್ಲೂ ಉಜ್ತು, ಎರಡೂ ಕಡೆ ಸಮನಾಗಿ. ಚರ್ಮದ್ದು ಮಾತ್ರ ಬಹಳ ಸುಧಾರಿಸ್ತು. ಅದಕ್ಕೇ ಹೊಸ ಸೀಟು ಹುಡುಕ್ತಿರೋರಿಗೆ ನನ್ನ ಕೋರಿಕೆ, ದುಡ್ಡು ಹಾಕೋಕೆ ಮುಂಚೆ ಇರೋ ಸೀಟನ್ನೇ ಒಂದೆರಡು ಮಿ.ಮೀ. ಇಳಿಸ್ತಾ ಇಳಿಸ್ತಾ ನೋಡಿ, ಅದ್ರಲ್ಲೂ ಒಂದೇ ಕಡೆ ಉರೀತಿದ್ರೆ. ಪ್ಯಾಡ್ ಇರೋ ಶಾರ್ಟ್ಸ್ ಒಳಗೆ ಚಡ್ಡಿ ಹಾಕ್ಬೇಡಿ, ಅದರ ಹೊಲಿಗೆನೇ ಕುಯ್ಯುತ್ತೆ. ತರಚಿದ್ರೆ ಒಣಗೋವರೆಗೂ ಸೈಕಲ್ ಬಿಡಿ, ಕೀವು ಕಟ್ಟಿದ್ರೆ ಡಾಕ್ಟರಿಗೆ ತೋರ್ಸಿ.

ಈಗ ಸೈಕಲ್ ಮೇಲೆ ಇರೋದು ಶಾರ್ಟ್ ನೋಸ್. ಅದ್ರಲ್ಲಿ ಹಿಂದೆ ಮುಂದೆ ಸರಿದು ಕೂರೋಕೆ ಜಾಗ ಕಮ್ಮಿ, ಆರೇಳು ಗಂಟೆ ಆದ್ರೆ ಅದು ಬೇಜಾರು, ಹಾಗಾಗಿ ದೂರದ ನಿಧಾನದ ಸವಾರಿಗೆ ಚರ್ಮದ್ದೇ ಹಾಕ್ತೀನಿ. ಎರಡಕ್ಕೂ ಒಂದೇ ಕ್ಲಾಂಪ್ ಹಿಡಿಯುತ್ತೆ, ಆದ್ರೆ ಸೀಟಿನ ದಪ್ಪ ಬೇರೆ ಬೇರೆ, ಅದಕ್ಕೆ ಸೀಟ್ ಪೋಸ್ಟ್ (ಸೀಟಿನ ಕೆಳಗಿನ ಕೊಳವೆ) ಮೇಲೆ ಒಂದು ಕೆಂಪು ಟೇಪು ಒಂದು ಕಪ್ಪು ಟೇಪು ಸುತ್ತಿಟ್ಟಿದೀನಿ, ಯಾವ ಸೀಟೋ ಆ ಗುರುತಿಗೆ ಇಳಿಸಿ ಬಿಗಿ ಮಾಡ್ತೀನಿ.