ಕಂಪನಿಗೆ ಮಾರುವುದಾ, ಆ್ಯಪ್‌ಗೆ ಹಾಕುವುದಾ, ಕೈಯಾರೆ ಕೊಡುವುದಾ: ನನ್ನ ಹಾಡುಗಳಿಗೆ ದುಡ್ಡು ಬಂದ ದಾರಿಗಳು

ನಾನು ಭಾವಗೀತೆ ಬರೆದು ರಾಗ ಹಾಕುವವನು. ಮಂಡ್ಯ, ಮದ್ದೂರು, ಮೈಸೂರು ಕಡೆಯ ಕಾರ್ಯಕ್ರಮಗಳಲ್ಲಿ ನಮ್ಮ ತಂಡ ಹಾಡುತ್ತದೆ. ರೆಕಾರ್ಡ್ ಆದ ಹಾಡನ್ನು ಯಾರಿಗೆ ಕೊಟ್ಟರೆ ದುಡ್ಡು ಬರುತ್ತೆ ಅಂತ ಹೊಸ ಹುಡುಗರು ಕೇಳುತ್ತಲೇ ಇರುತ್ತಾರೆ. ಬೇರೆ ಬೇರೆ ಹಾಡುಗಳನ್ನು ಬೇರೆ ಬೇರೆ ದಾರಿಯಲ್ಲಿ ಬಿಟ್ಟು ನೋಡಿದ್ದೇನೆ. ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ದುಡ್ಡು ಎಲ್ಲಿ ಜಾಸ್ತಿ ಅಂತ ಕೇಳುವ ಮೊದಲು ಹಕ್ಕು ಯಾರ ಹೆಸರಲ್ಲಿ ಉಳಿಯುತ್ತೆ ಅಂತ ಕೇಳಬೇಕು.

ಆಡಿಯೋ ಕಂಪನಿಗೆ ಪೂರ್ತಿ ಮಾರಾಟ

ಇದರಲ್ಲಿ ದುಡ್ಡು ತಕ್ಷಣ ಕೈಗೆ ಬರುತ್ತದೆ. ಸ್ಟುಡಿಯೋ ಬಾಡಿಗೆ ಕಟ್ಟಿ, ತಬಲಾ, ಕೊಳಲಿನವರಿಗೆ ಕೊಟ್ಟು ಸ್ವಲ್ಪ ಉಳಿಯಿತು. ಆದರೆ ಅಗ್ರಿಮೆಂಟ್ ಓದಬೇಕು. ನನ್ನದರಲ್ಲಿ 'ಪ್ರಪಂಚದಾದ್ಯಂತ, ಶಾಶ್ವತವಾಗಿ, ಈಗಿರುವ ಮತ್ತು ಮುಂದೆ ಬರುವ ಎಲ್ಲ ಮಾಧ್ಯಮಗಳಿಗೆ' ಅಂತ ಇತ್ತು. ಆ ಸಾಲು ತೆಗೆಯಿರಿ ಸಾರ್ ಅಂದೆ. 'ಎಲ್ಲರಿಗೂ ಇದೇ ಫಾರ್ಮ್ಯಾಟು' ಅಂದರು.

ಕೆಲವು ತಿಂಗಳಾದ ಮೇಲೆ ಅದೇ ಹಾಡನ್ನು ಒಂದು ಗಣೇಶೋತ್ಸವದಲ್ಲಿ ಹಾಡಿ, ವಿಡಿಯೋ ಮಾಡಿ, ನನ್ನ ಯೂಟ್ಯೂಬ್ ಚಾನೆಲ್‌ಗೆ ಹಾಕಿದೆ. ಈ ಹಾಡಿನ ಹಕ್ಕು ನಮ್ಮದು ಅಂತ ಕಂಪನಿಯಿಂದ ಕ್ಲೇಮ್ ಬಂತು. ಬರೆದದ್ದು ನಾನು, ರಾಗ ನನ್ನದು, ವೇದಿಕೆಯಲ್ಲಿ ಹಾಡಿದ್ದೂ ನಾನೇ, ಆದರೂ ಆ ವಿಡಿಯೋದ ಜಾಹೀರಾತಿನ ದುಡ್ಡು ಅವರಿಗೆ. ಹಕ್ಕು ಬರೆದುಕೊಟ್ಟ ಮೇಲೆ ಹಾಗೇ ಆಗುವುದು. ಬಹಳ ಸಂಕಟವಾಯಿತು.

ಆದರೂ ಕಾನೂನು ಬರೆದವನ ಕೈ ಪೂರ್ತಿ ಬಿಟ್ಟಿಲ್ಲ. 1957ರ ಹಕ್ಕುಸ್ವಾಮ್ಯ ಕಾಯ್ದೆಗೆ 2012ರಲ್ಲಿ ತಿದ್ದುಪಡಿ ಬಂತು. ಗೀತರಚನಕಾರ ಜಾವೇದ್ ಅಖ್ತರ್ ರಾಜ್ಯಸಭೆಯಲ್ಲಿ ಇದಕ್ಕಾಗಿ ಗಟ್ಟಿಯಾಗಿ ಮಾತಾಡಿದ್ದರು. ಅದರ ಪ್ರಕಾರ ಸಾಹಿತ್ಯ ಬರೆದವರು ಮತ್ತು ರಾಗ ಸಂಯೋಜಿಸಿದವರು ಹಕ್ಕು ಮಾರಿದ್ದರೂ ರಾಯಲ್ಟಿಯಲ್ಲಿ, ಅಂದರೆ ಹಾಡು ಬಳಸಿದಾಗ ಬರುವ ದುಡ್ಡಿನಲ್ಲಿ, ಸಮಪಾಲು ಅವರಿಗೆ ಸಿಗಬೇಕು, ಆ ಪಾಲನ್ನು ಕಂಪನಿಗೆ ಬಿಟ್ಟುಕೊಡುವ ಹಾಗೇ ಇಲ್ಲ. ವಾರಸುದಾರರಿಗೆ ಅಥವಾ ಬರೆದವರ ಪರವಾಗಿ ದುಡ್ಡು ವಸೂಲಿ ಮಾಡುವ ಹಕ್ಕುಸ್ವಾಮ್ಯ ಸಂಘಕ್ಕೆ ಮಾತ್ರ ಕೊಡಬಹುದು. ಅಗ್ರಿಮೆಂಟಿನಲ್ಲಿ ಅವಧಿ ಬರೆದಿಲ್ಲದಿದ್ದರೆ ಅದು 5 ವರ್ಷ ಅಂತ ಲೆಕ್ಕ. ಹಾಗಾಗಿಯೇ 'ಶಾಶ್ವತವಾಗಿ' ಅಂತ ಸೇರಿಸುತ್ತಾರೆ. ಪೆನ್ನು ಹಿಡಿಯುವ ಮೊದಲು ಆ ಪದ ಹುಡುಕಿ.

ಡಿಸ್ಟ್ರಿಬ್ಯೂಟರ್ ಮೂಲಕ ಸ್ಟ್ರೀಮಿಂಗ್

ಇನ್ನೊಂದು ಹಾಡನ್ನು ಹಕ್ಕು ನನ್ನಲ್ಲೇ ಇಟ್ಟುಕೊಂಡು ಡಿಸ್ಟ್ರಿಬ್ಯೂಟರ್ (ಹಾಡನ್ನು ಆ್ಯಪ್‌ಗಳಿಗೆ ತಲುಪಿಸಿ ದುಡ್ಡು ತಂದುಕೊಡುವ ಸಂಸ್ಥೆ) ಮೂಲಕ ಸ್ಪಾಟಿಫೈ, ಜಿಯೋಸಾವನ್, ಗಾನಾ ಥರದ ಹಾಡಿನ ಆ್ಯಪ್‌ಗಳಿಗೆ ಕಳಿಸಿದೆ. ವರ್ಷಕ್ಕಿಷ್ಟು ಅಂತ ಶುಲ್ಕ ತೆಗೆದುಕೊಳ್ಳುವವರು ಇದ್ದಾರೆ, ಶುಲ್ಕ ಇಲ್ಲದೆ ಬಂದದ್ದರಲ್ಲಿ ಪಾಲು ಹಿಡಿಯುವವರೂ ಇದ್ದಾರೆ. ಹಾಡು ಕಡಿಮೆ ಇರುವವರಿಗೆ ಎರಡನೆಯದೇ ವಾಸಿ. ಪ್ರತಿ ರೆಕಾರ್ಡಿಂಗ್‌ಗೂ ಐಎಸ್‌ಆರ್‌ಸಿ ಅಂತ 12 ಅಕ್ಷರ, ಅಂಕಿಗಳ ಗುರುತು ಸಿಗುತ್ತದೆ. ಅದನ್ನು ಬರೆದಿಟ್ಟುಕೊಳ್ಳಿ, ಮುಂದೆ ಎಲ್ಲ ಕಡೆ ಕೇಳುತ್ತಾರೆ.

ದುಡ್ಡು? ಸ್ಟೇಟ್‌ಮೆಂಟ್ ತೆರೆದರೆ ಸಾಲು ಸಾಲು. ಒಂದೊಂದು ಸಾಲಿನಲ್ಲಿ ಒಂದು ದೇಶ, ಒಂದು ಆ್ಯಪ್, ಎಷ್ಟು ಸಲ ಕೇಳಿದರು ಅನ್ನುವ ಲೆಕ್ಕ, ಕೊನೆಗೆ ಸೊನ್ನೆಯ ಮುಂದೆ ಚುಕ್ಕಿ ಇಟ್ಟು ನಾಲ್ಕೈದು ಅಂಕಿ. ನಮ್ಮೂರ ಡೈರಿಗೆ ಹಾಲು ಹಾಕಿದರೆ ಲೀಟರ್ ಎಷ್ಟು, ಫ್ಯಾಟ್ ಎಷ್ಟು, ರೇಟ್ ಎಷ್ಟು ಅಂತ ಚೀಟಿ ಬರುತ್ತದೆ, ರೇಟು ಮೊದಲೇ ಗೊತ್ತಿರುತ್ತದೆ. ಇಲ್ಲಿ ಒಂದು ಸಲ ಕೇಳಿದರೆ ಇಷ್ಟು ಅಂತ ನಿಗದಿಯಾದ ರೇಟೇ ಇಲ್ಲ. ಚಂದಾ, ಜಾಹೀರಾತಿನ ದುಡ್ಡೆಲ್ಲ ಒಂದೇ ಕಡೆ ಸೇರುತ್ತದೆ, ಒಟ್ಟು ಕೇಳಿದ್ದರಲ್ಲಿ ನಿಮ್ಮ ಹಾಡಿನ ಪಾಲು ಎಷ್ಟೋ ಅಷ್ಟು ನಿಮಗೆ. ಅಂದರೆ ಒಬ್ಬರು ತಿಂಗಳೆಲ್ಲ ನನ್ನ ಹಾಡನ್ನೇ ಕೇಳಿದರೂ ಅವರು ಕಟ್ಟಿದ ಚಂದಾದ ಬಹುಪಾಲು ದೊಡ್ಡ ಸಿನಿಮಾ ಹಾಡುಗಳ ಕಡೆಗೇ ಹೋಗುತ್ತದೆ. ಇದು ನ್ಯಾಯ ಅಂತ ನನಗೆ ಅನ್ನಿಸುವುದಿಲ್ಲ. ಅದರ ಮೇಲೆ 2024ರಿಂದ ಸ್ಪಾಟಿಫೈನಲ್ಲಿ ಹಿಂದಿನ 12 ತಿಂಗಳಲ್ಲಿ 1000 ಸಲವಾದರೂ ಕೇಳದ ಹಾಡಿನ ರೆಕಾರ್ಡಿಂಗ್‌ಗೆ ರಾಯಲ್ಟಿಯೇ ಇಲ್ಲ. ಕನ್ನಡ ಭಾವಗೀತೆಗೆ ಸಾವಿರ ದಾಟುವುದು ಸುಮ್ನೆ ಆಗುವ ಕೆಲಸವಲ್ಲ.

ಸ್ವಂತ ಯೂಟ್ಯೂಬ್ ಚಾನೆಲ್

ಜನ ಸಿಗುವುದು ಇಲ್ಲೇ. ಹಳ್ಳಿಯಲ್ಲೂ ಹಾಡು ಕೇಳುವುದು ಯೂಟ್ಯೂಬಿನಲ್ಲಿ. ಜಾಹೀರಾತಿನ ಪಾಲು ಬೇಕಾದರೆ 1000 ಸಬ್‌ಸ್ಕ್ರೈಬರ್ ಇರಬೇಕು, ಜೊತೆಗೆ ವರ್ಷದಲ್ಲಿ 4000 ಗಂಟೆ ನೋಡಿರಬೇಕು, ಅಥವಾ 90 ದಿನದಲ್ಲಿ ಶಾರ್ಟ್ಸ್‌ಗೆ 1 ಕೋಟಿ ವ್ಯೂಸ್ ಬರಬೇಕು. ಉದ್ದದ ವಿಡಿಯೋದ ಜಾಹೀರಾತಿನಲ್ಲಿ 55% ನಮಗೆ. ಆ್ಯಪ್‌ಗಳಿಗಿಂತ ನನಗೆ ಇಲ್ಲೇ ಜಾಸ್ತಿ ಬಂತು. ಆದರೆ ತಿಂಗಳು ತಿಂಗಳು ಏನಾದರೂ ಹಾಕುತ್ತಲೇ ಇರಬೇಕು, ಬರೆಯುವ ಸಮಯವೇ ಹೋಗುತ್ತದೆ.

ಇನ್ನೊಂದು ವಿಷಯ ಇಲ್ಲೇ ಹೇಳಬೇಕು. ಮಳವಳ್ಳಿ ಕಡೆಯ ತಂಬೂರಿ ಪದದ ಹಿರಿಯರೊಬ್ಬರು ರಾತ್ರಿಯಿಡೀ ಹಾಡಿದ್ದನ್ನು ಯಾರೋ ಮೊಬೈಲಿನಲ್ಲಿ ಹಿಡಿದು ಚಾನೆಲ್‌ಗೆ ಹಾಕಿದ್ದರು, ಕೆಳಗೆ ಅವರ ಹೆಸರೂ ಇಲ್ಲ. 'ತಾತ, ಕೇಳಬಾರದಾ?' ಅಂದರೆ, 'ಅದು ನಂದಲ್ಲ ಕಣ್ ಮಗ, ದೇವ್ರ ಪದ' ಅಂದರು. ಪದ ಎಲ್ಲರದು, ನಿಜ. ಆದರೆ ಹಾಡಿದ ದನಿ ಅವರದು ಅಲ್ವಾ? ಕಾನೂನಿನಲ್ಲಿ ಹಾಡುಗಾರರಿಗೆ, ಕಲಾವಿದರಿಗೆ ತಮ್ಮ ಪ್ರದರ್ಶನದ ಮೇಲೆ 50 ವರ್ಷದ ಹಕ್ಕು ಇದೆ. ಅವರನ್ನು ಕೇಳದೆ ರೆಕಾರ್ಡ್ ಮಾಡಿ ದುಡ್ಡು ಮಾಡುವುದು ತಪ್ಪು. ದಯವಿಟ್ಟು ಹಾಕುವ ಮೊದಲು ಕೇಳಿ, ಹೆಸರು ಬರೆಯಿರಿ, ಬಂದದ್ದರಲ್ಲಿ ಪಾಲು ಕೊಡಿ.

ನೇರವಾಗಿ ಕೇಳುಗರ ಕೈಗೆ

ಕಾರ್ಯಕ್ರಮದಲ್ಲಿ ಹಾರ್ಮೋನಿಯಂ ಪೆಟ್ಟಿಗೆಯ ಮೇಲೆ ಕ್ಯೂಆರ್ ಅಂಟಿಸಿದೆವು, ಪಕ್ಕದಲ್ಲಿ ಹಾಡು ತುಂಬಿದ ಪೆನ್‌ಡ್ರೈವ್ ಇಟ್ಟೆವು. ಒಂದು ಸಂಜೆಗೆ ಬಂದದ್ದು ಆ್ಯಪ್‌ಗಳಿಂದ ವರ್ಷಕ್ಕೆ ಬಂದದ್ದನ್ನು ದಾಟಿತು. ಮಧ್ಯೆ ಯಾರೂ ಇಲ್ಲ. ಕೇಳುಗರಿಗೆ ನೇರವಾಗಿ ಹಾಡು ಮಾರುವ ಬ್ಯಾಂಡ್‌ಕ್ಯಾಂಪ್ ಅನ್ನುವ ವೆಬ್‌ಸೈಟನ್ನೂ ನೋಡಿದೆ. ಡಿಜಿಟಲ್ ಮಾರಾಟದಲ್ಲಿ ಅವರದು 15%, ಒಳ್ಳೆಯ ಲೆಕ್ಕ. ಆದರೆ ದುಡ್ಡು ಬರುವುದು ಪೇಪಾಲ್ ಅನ್ನುವ ಆನ್‌ಲೈನ್ ಪಾವತಿ ಸೇವೆಯಲ್ಲಿ, ಪೇಪಾಲ್ 2021ರ ಏಪ್ರಿಲ್‌ನಿಂದ ಭಾರತದೊಳಗಿನ ಪಾವತಿ ನಿಲ್ಲಿಸಿದೆ. ಹೊರದೇಶದ ಕನ್ನಡಿಗರಿದ್ದರೆ ಸರಿ, ಮಂಡ್ಯದವರಿಗೆ ಕ್ಯೂಆರೇ ಸರಿ.

ಐಪಿಆರ್‌ಎಸ್

ಐಪಿಆರ್‌ಎಸ್ ಅಂದರೆ ಇಂಡಿಯನ್ ಪರ್ಫಾರ್ಮಿಂಗ್ ರೈಟ್ ಸೊಸೈಟಿ, ಮೊದಲು ಹೇಳಿದ ಥರದ ಹಕ್ಕುಸ್ವಾಮ್ಯ ಸಂಘ. ಇದು ಮೇಲಿನವುಗಳ ಬದಲಿಗೆ ಅಲ್ಲ, ಅವುಗಳ ಜೊತೆಗೆ ಇರಬೇಕಾದದ್ದು. ಡಿಸ್ಟ್ರಿಬ್ಯೂಟರ್ ಕೊಡುವುದು ರೆಕಾರ್ಡಿಂಗ್‌ನ ದುಡ್ಡು. ಸಾಹಿತ್ಯ, ಸಂಯೋಜನೆಯ ದುಡ್ಡು ಬೇರೆ, ಅದು ಈ ಸೊಸೈಟಿ ಮೂಲಕ ಬರಬೇಕು. 1969ರಲ್ಲಿ ಶುರುವಾದ ಸಂಘ, ತಿದ್ದುಪಡಿ ಆದ ಮೇಲೆ 2017ರಲ್ಲಿ ಮತ್ತೆ ನೋಂದಣಿ ಆಯಿತು. ಸದಸ್ಯನಾಗಿ, ಒಂದೊಂದು ಹಾಡಿನ ವಿವರವನ್ನೂ ತುಂಬಿದೆ. ಬೇಜಾರಿನ ಕೆಲಸವೇ. ಹೆಸರಿನ ಕಾಗುಣಿತ ಎಲ್ಲ ಕಡೆ ಒಂದೇ ಥರ ಇರಬೇಕು, ಇಲ್ಲದಿದ್ದರೆ ದುಡ್ಡು ಯಾರದು ಅಂತ ಗೊತ್ತಾಗದೆ ಅಲ್ಲೇ ಉಳಿಯುತ್ತದೆ. ಕಂಪನಿಗೆ ಮಾರಿದ ಹಾಡಿನ ಬರಹಗಾರನ ಪಾಲು ನನಗೆ ಬಂದದ್ದು ಇದರಿಂದಲೇ. ಸಣ್ಣ ಮೊತ್ತ, ಆದರೆ ಹಕ್ಕಿನ ದುಡ್ಡು. ಸಾಹಿತ್ಯ, ಸಂಯೋಜನೆಯ ಹಕ್ಕು ನಮ್ಮ ಜೀವಮಾನ ಮುಗಿದ ಮೇಲೂ 60 ವರ್ಷ ಇರುತ್ತದೆ, ಮಕ್ಕಳ ಕಾಲಕ್ಕೂ ಬರುತ್ತದೆ.

ಈಗ ಬರುವ ಹಾಡಿಗೆ ಹೀಗೆ ಮಾಡುತ್ತಿದ್ದೇವೆ. ಡಿಸ್ಟ್ರಿಬ್ಯೂಟರ್, ನಮ್ಮದೇ ಚಾನೆಲ್, ಕಾರ್ಯಕ್ರಮದಲ್ಲಿ ಕ್ಯೂಆರ್, ಮೂರೂ ಒಟ್ಟಿಗೆ. ಕಂಪನಿ ಕೇಳಿದರೆ ಹಕ್ಕು ಮಾರುವುದಿಲ್ಲ, ಅವಧಿ ಬರೆದು ಹಾಡು ಬಳಸುವ ಲೈಸೆನ್ಸ್ ಮಾತ್ರ. ಸ್ಟುಡಿಯೋಗೆ ಹೋಗುವ ಮೊದಲೇ ಸಾಹಿತ್ಯ ಯಾರದು, ರಾಗ ಯಾರದು, ಹಾಡುವವರು ಯಾರು, ಖರ್ಚು ಯಾರದು, ಯಾರಿಗೆ ಎಷ್ಟು ಪಾಲು ಅಂತ ಒಂದು ಹಾಳೆಯಲ್ಲಿ ಬರೆದು ತಬಲಾದವರಿಂದ ಹಿಡಿದು ಎಲ್ಲರೂ ಸಹಿ ಹಾಕಿದ್ದೇವೆ.